ಒಂದೂವರೆ ಗಂಟೆಯ ದಾರಿ ಮತ್ತು ಶೀನಣ್ಣನ ಕಾವಲಿ

ಇಂಥ ಕಥೆ ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಿ ದುಡಿದು ಮುಂಬಯಿಯ ದಹಿಸರದಲ್ಲಿ ಸ್ವಂತ ಹೋಟೆಲು ಮಾಡಿದವನು. ನೀವು ನಂಬಲೇಬೇಕು ಎನ್ನುವುದಿಲ್ಲ. ನಡೆದದ್ದು ಹೇಳುತ್ತೇನೆ, ಅಷ್ಟೆ.

ನನಗೆ ಕೆಲಸ ಕಲಿಸಿದವರು ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದ ಶೀನಣ್ಣ. ಕೈಗೆ ವಾಚು ಕಟ್ಟಿದವರಲ್ಲ. ನನ್ನ ಲೋಕಲ್ ರೈಲು ಒಂದು ದಿನ ಹತ್ತು ನಿಮಿಷ ಲೇಟು, ಇನ್ನೊಂದು ದಿನ ಅರ್ಧ ಗಂಟೆ. ಯಾವಾಗ ಬಂದರೂ ನಾನು ಒಳಗೆ ಕಾಲಿಡುವಾಗಲೇ ನನ್ನ ದೋಸೆ ಕಾವಲಿಯಿಂದ ಏಳುತ್ತಿತ್ತು. ಶೀನಣ್ಣನಿಗೆ ರೈಲಿನ ಮೋಟರ್‌ಮ್ಯಾನ್ ಫೋನ್ ಮಾಡ್ತಾನೆ ಅಂತ ನಾವೆಲ್ಲ ನಗಾಡುತ್ತಿದ್ದೆವು.

ಅವರು ಕೆಲಸ ಬಿಟ್ಟು ಕಾರ್ಕಳದ ಆಚೆ ಮಗನ ಮನೆ ಸೇರಿದರು. ಒಮ್ಮೆ ಬಾ ಎಂದು ಕರೆಯುತ್ತಲೇ ಇದ್ದರು. ಮುಂಬಯಿಯಿಂದ ಮಂಗಳೂರಿಗೆ ವಿಮಾನದಲ್ಲಿ ಒಂದೂವರೆ ಗಂಟೆ. ಮಳೆ ಜೋರಿದ್ದ ದಿನ ದಹಿಸರದಿಂದ ಗ್ರಾಂಟ್ ರೋಡಿಗೂ ಅಷ್ಟೇ ಹೊತ್ತು ಬೇಕು. ಅಷ್ಟು ಹತ್ತಿರದ ದಾರಿಗೆ, ಹೋಟೆಲು ಬಿಟ್ಟು ಬರಲಿಕ್ಕಾಗುವುದಿಲ್ಲ ಎಂದು ಹನ್ನೊಂದು ವರ್ಷ ನಾನು ಹೋಗಲಿಲ್ಲ.

ಕಳೆದ ಮಳೆಗಾಲ ಅವರ ಸೊಸೆ ಫೋನ್ ಮಾಡಿದಳು. ನಾಳೆ ಹೃದಯದ ಆಪರೇಷನ್, ಡಾಕ್ಟರು ಧೈರ್ಯ ಹೇಳಿಲ್ಲ, ಒಂಬತ್ತೂವರೆಗೆ ಮನೆಯಿಂದ ಹೊರಡುತ್ತೇವೆ, ಅಷ್ಟರೊಳಗೆ ಬಂದರೆ ನೋಡಬಹುದು ಎಂದಳು.

ಬರುತ್ತೇನೆ ಎಂದು ಹೇಳಿ ಬೆಳಗ್ಗಿನ ಮೊದಲ ವಿಮಾನ ಹಿಡಿದೆ. ಎಂಟಕ್ಕೆ ಇಳಿದರೆ ಒಂಬತ್ತಕ್ಕೆ ಮನೆ. ಆದರೆ ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಯ ಗುಡ್ಡದ ಮೇಲೆ ಮೋಡ ಕೂತಿತ್ತು. ವಿಮಾನ ಇಳಿಯಲಿಕ್ಕೆ ಹೋಗಿ ಮತ್ತೆ ಮೇಲೆದ್ದಿತು. ಸುತ್ತು ಹೊಡೆದು ಹೊಡೆದು ನೆಲ ಮುಟ್ಟುವಾಗ ಒಂಬತ್ತಾಗಿತ್ತು. ಮೊಬೈಲು ಚಾರ್ಜ್ ಮುಗಿದು ಸತ್ತಿತ್ತು. ಅವರ ನಂಬರು ಬಾಯಿಪಾಠ ಇರಲಿಲ್ಲ. ಇನ್ನು ಅವರ ಮುಖ ನೋಡಲಿಕ್ಕೆ ಸಿಗುವುದಿಲ್ಲ ಎಂದು ಟ್ಯಾಕ್ಸಿಯಲ್ಲಿ ಕೂತು ಅತ್ತುಬಿಟ್ಟೆ.

ಹತ್ತು ದಾಟಿ ಅಂಗಳಕ್ಕೆ ಬಂದರೆ ಕಾರು ಅಲ್ಲೇ ನಿಂತಿತ್ತು. ಶೀನಣ್ಣ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಒಳಗಿಂದ ಸೊಸೆ ತಟ್ಟೆ ಹಿಡಿದು ಬಂದಳು. ದೋಸೆಯಿಂದ ಹಬೆ ಏಳುತ್ತಿತ್ತು. ಆಪರೇಷನ್ ಅಂತ ಶೀನಣ್ಣ ಮಾತ್ರ ರಾತ್ರಿಯಿಂದ ನೀರೂ ಕುಡಿದಿರಲಿಲ್ಲ.

"ತಿನ್ನು ಮಾರಾಯ. ಮತ್ತೆ ಹೊರಡುವ," ಎಂದರು.

ನಾನು ತಿನ್ನುವಾಗ ಸೊಸೆ ಎಲ್ಲ ಹೇಳಿದಳು. ಮಗ ಕಾರು ತೆಗೆದಾಗಲೆಲ್ಲ ಅವರು ತಡೆದರಂತೆ. ಅವ ಇನ್ನೂ ಮೇಲೆ ಸುತ್ತು ಹೊಡೀತಾ ಇದ್ದಾನೆ, ಇಳಿಯಲಿ ಎಂದರಂತೆ. ಒಂಬತ್ತಕ್ಕೆ ಸರಿಯಾಗಿ, ಈಗ ಇಳಿದ ಎಂದರಂತೆ. ನಾನು ಬರುವ ಸ್ವಲ್ಪ ಮೊದಲು ಕಾವಲಿ ಇಡಿಸಿದರಂತೆ. ವಿಮಾನ ಎಲ್ಲಿದೆ ಅಂತ ಮಗ ಮೊಬೈಲಿನಲ್ಲಿ ನೋಡಿ ಹೇಳಿದನೋ ಎಂದು ಕೇಳಿದೆ. ಅವನು ಅಪ್ಪನಿಗೆ ಭ್ರಮೆ ಅಂತಲೇ ತಿಳಿದಿದ್ದನಂತೆ. ಆ ಮನೆಯ ಮೇಲೆ ವಿಮಾನ ಹಾರುವುದೂ ಇಲ್ಲ.

ದೇವರ ದಯೆ, ಆಪರೇಷನ್ ಚೆನ್ನಾಗಿ ಆಯಿತು. ಆಮೇಲೆ ಫೋನಿನಲ್ಲಿ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಶೀನಣ್ಣನಿಗೆ ಸಿಟ್ಟೇ ಬಂತು.

"ದೋಸೆ ಬಿಸಿ ಇತ್ತಾ ಇಲ್ಲವಾ? ಮತ್ತೆ ಎಂತ ಕೇಳುವುದು?"

ನನಗೆ ಇವತ್ತಿಗೂ ಅರ್ಥವಾಗಿಲ್ಲ. ನನ್ನ ಮಗಳು ಆಫೀಸಿನಿಂದ ಲೋಕಲ್‌ನಲ್ಲಿ ಬರುವ ಹೊತ್ತಿಗೆ, ಗಡಿಯಾರ ನೋಡದೆ, ಕಣ್ಣು ಮುಚ್ಚಿ ಅಂದಾಜು ಮಾಡಿ ನಾನೂ ಅವಳಿಗೆ ಒಂದು ದೋಸೆ ಹುಯ್ಯುತ್ತೇನೆ. ಒಂದು ದಿನವೂ ಸರಿಹೋಗಿಲ್ಲ. ಆರಿದ ದೋಸೆ ನಾನೇ ತಿಂದು, ಅವಳು ಬಂದ ಮೇಲೆ ಇನ್ನೊಂದು ಹುಯ್ಯುತ್ತೇನೆ.