ನಿಮಗೆ ಹೊಂದುವ ಮನೆ

ಸಂದರ್ಶನಕ್ಕೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ಈ ಐಡಿಯಾ ನಿಮಗೆ ಹೇಗೆ ಹೊಳೆಯಿತು? ಹೊಳೆಯಲಿಲ್ಲ, ಸಿಟ್ಟು ಬಂತು ಎಂದರೆ ನಕ್ಕು ಬೇರೆ ಏನನ್ನೋ ಬರೆದುಕೊಳ್ಳುವರು. ಗೆಳೆಯನ ಜೊತೆ ಫಿಲ್ಟರ್ ಕಾಫಿ ಕುಡಿಯುವಾಗ ಹೊಳೆಯಿತು ಎಂದು ಒಂದು ಪತ್ರಿಕೆ ಬರೆದೂಬಿಟ್ಟಿತು. ನಾನು ಕಾಫಿ ಕುಡಿಯುವುದಿಲ್ಲ.

ಅಪ್ಪ ಸರ್ಕಾರಿ ಕೆಲಸದಿಂದ ನಿವೃತ್ತರಾದಾಗ ಕ್ವಾರ್ಟರ್ಸ್ ಬಿಡಬೇಕಾಯಿತು. ಅಪ್ಪ, ಅಮ್ಮ, ನಾನು ಭಾನುವಾರ ಬಂದರೆ ಸಾಕು, ಮಲ್ಲೇಶ್ವರ, ಬಸವನಗುಡಿ, ಶಂಕರಪುರ ಎಂದು ಟು-ಲೆಟ್ ಬೋರ್ಡ್ ಹುಡುಕಿಕೊಂಡು ಹೊರಡುತ್ತಿದ್ದೆವು. ಮನೆ ಮಾಲೀಕರೆಲ್ಲ ಒಳ್ಳೆಯ ಮಾತಿನವರೇ. ಕೂರಿಸಿ ನೀರು ಕೊಡುವರು, ಅಪ್ಪನ ಹುದ್ದೆ ಕೇಳಿ ಸಂತೋಷಪಡುವರು. ಆಮೇಲೆ ಮೆಲ್ಲಗೆ, "ಊಟ ಎಲ್ಲ ಹೇಗೆ?" ಎನ್ನುವರು. ಅದಾದ ಮೇಲೆ, "ತಾವು ಯಾವ ಕಡೆಯೋರು?" ಅಪ್ಪನಿಗೆ ಸುತ್ತಿ ಬಳಸಿ ಮಾತಾಡುವುದು ಗೊತ್ತಿರಲಿಲ್ಲ. "ನಾವು ಬೌದ್ಧರು. ಅದಕ್ಕೆ ಮುಂಚೆ ಏನಾಗಿದ್ವಿ ಅಂತ ತಾನೇ ನೀವು ಕೇಳ್ತಿರೋದು? ಅದನ್ನೂ ಹೇಳ್ತೀನಿ" ಎಂದು ಹೇಳಿಯೇಬಿಡುವರು. ಆ ಕ್ಷಣಕ್ಕೆ ಸರಿಯಾಗಿ ಮಾಲೀಕರಿಗೆ ತಮ್ಮ ಷಡ್ಡಕನ ಮಗನ ನೆನಪಾಗುವುದು. ಮನೆ ಅವನಿಗೆ ಮಾತಾಗಿಬಿಟ್ಟಿದೆಯಂತೆ. ಈ ಊರಿನಲ್ಲಿ ಎಷ್ಟು ಷಡ್ಡಕರಿದ್ದಾರೋ, ಅವರ ಮಕ್ಕಳೆಲ್ಲ ಅದೆಷ್ಟು ಮನೆಗಳಲ್ಲಿ ವಾಸ ಮಾಡುತ್ತಾರೋ, ನನಗಂತೂ ಲೆಕ್ಕ ಸಿಕ್ಕಿಲ್ಲ.

ಬಸವನಗುಡಿಯ ಒಂದು ಮನೆಯ ಹಾಲ್‌ನಲ್ಲಿ ಹಿತ್ತಾಳೆಯ ಬುದ್ಧ ಕುಳಿತಿದ್ದ, ಮೇಲೊಂದು ಪುಟ್ಟ ದೀಪ. ಅವನ ಎದುರಿಗೇ ನಮ್ಮನ್ನು ಬೇಡ ಎಂದರು. ಗೇಟು ದಾಟಿದ ಮೇಲೆ ಅಪ್ಪ, "ಅವನಿಗೆ ಮಾತ್ರ ಬಾಡಿಗೆ ಇಲ್ದೆ ಕೊಟ್ಟಿದಾರೆ ನೋಡು" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ನಗಲಿಲ್ಲ.

ಕೊನೆಗೆ ಶೇಷಾದ್ರಿಪುರದಲ್ಲಿ ಎರಡನೇ ಮಹಡಿಯ ಮನೆ ಸಿಕ್ಕಿತು. ಲಿಫ್ಟ್ ಇಲ್ಲ. ಅಪ್ಪ ತೀರಿಕೊಂಡಿದ್ದು ಆ ಮನೆಯಲ್ಲೇ.

ಅದಾದ ಮೇಲೆ ನಾನು ಕೆಲಸ ಬಿಟ್ಟು, ಕಾಲೇಜಿನ ಸಹಪಾಠಿಯೊಬ್ಬನನ್ನು ಜೊತೆಗೆ ಹಾಕಿಕೊಂಡು ಬಾಡಿಗೆ ಮನೆಗಳ ವೆಬ್‌ಸೈಟ್ ಶುರು ಮಾಡಿದೆ. ಚಾಮರಾಜಪೇಟೆಯಲ್ಲಿ ಅಗರಬತ್ತಿ ಅಂಗಡಿಯ ಮೇಲಿನ ಕೋಣೆಯೇ ಆಫೀಸು. ಕೋಡ್ ಅವನದು, ಊರು ಸುತ್ತುವುದು ನನ್ನದು. ನಿಯಮ ಒಂದೇ: ಮಾಲೀಕರು ಬಾಡಿಗೆ ಕೇಳಬಹುದು, ಅಡ್ವಾನ್ಸ್ ಕೇಳಬಹುದು, ಕೆಲಸ ಎಲ್ಲಿ ಎಂದು ಕೇಳಬಹುದು. ಊಟ, ಜಾತಿ ಕೇಳಿದರೆ ಅವರ ಮನೆ ನಮ್ಮ ಸೈಟಿನಿಂದ ಹೊರಗೆ.

ದಿನಾ ಫೋನ್ ಬರುತ್ತಿತ್ತು. "ಒಂದು ಕಾಲಂ ಹಾಕ್ರಮ್ಮ, ಪ್ಯೂರ್ ವೆಜ್ ಅಂತ. ನಿಮಗೇನು ಕಷ್ಟ?"

"ನಿಮಗೆ ಬಾಡಿಗೆಯವ್ರು ಬೇಕಾ, ಅಡುಗೆಯವ್ರು ಬೇಕಾ ಸಾರ್?" ಎನ್ನುತ್ತಿದ್ದೆ. ಎಷ್ಟೋ ಮನೆಗಳನ್ನು ನನ್ನ ಕೈಯಾರೆ ಅಳಿಸಿದ್ದೇನೆ. ಮುಳುಗುತ್ತೀಯ ಎಂದರು ಎಲ್ಲರೂ. ಮುಳುಗಲಿಲ್ಲ. ಮನೆ ಸಿಗದವರೇ ಈ ಊರಿನಲ್ಲಿ ಅಷ್ಟು ಜನ ಇದ್ದರು. ಹೂಡಿಕೆದಾರರು ಬಂದರು, ಆ ನಿಯಮವನ್ನೇ ಹೊಗಳಿದರು, ಅದನ್ನೇ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿದರು. ನನ್ನ ಅಪ್ಪನ ಅವಮಾನ ಅವರಿಗೆ ಬ್ರ್ಯಾಂಡ್ ಆಯಿತು. ಆಗಲೇ ನನಗೆ ಎಚ್ಚರವಾಗಬೇಕಿತ್ತು.

ಕಳೆದ ವರ್ಷ ಅಮ್ಮನ ಮಂಡಿ ಪೂರ್ತಿ ಕೈಕೊಟ್ಟಿತು. ಮೆಟ್ಟಿಲು ಹತ್ತಬಾರದು ಎಂದರು ಡಾಕ್ಟರು. ನೆಲಮಹಡಿಯ ಮನೆ ಬೇಕಿತ್ತು. ಒಂದು ಬೆಳಿಗ್ಗೆ ಶಂಕರಪುರದಲ್ಲಿ ಹೋಗುವಾಗ ಅಂಥದ್ದೇ ಮನೆ ಖಾಲಿ ಇರುವುದು ಕಂಡಿತು. ಗೇಟಿನ ಮೇಲೆ ನಮ್ಮದೇ ಸೈಟಿನ ನೀಲಿ ಸ್ಟಿಕ್ಕರ್. ಅಲ್ಲೇ ನಿಂತು ಫೋನಿನಲ್ಲಿ ಹುಡುಕಿದೆ. "ನಿಮಗೆ ಹೊಂದುವ ಮನೆ ಸದ್ಯಕ್ಕೆ ಇಲ್ಲ" ಎಂದು ಬಂತು. ಬೀದಿಯ ಹೆಸರು ಹಾಕಿದೆ, ಬಾಡಿಗೆ ಹೆಚ್ಚಿಸಿದೆ. ಇಲ್ಲ. ಮನೆ ಕಣ್ಣೆದುರಿಗಿದೆ, ಫೋನು ಇಲ್ಲ ಎನ್ನುತ್ತಿದೆ.

ಆಫೀಸಿಗೆ ಹೋಗಿ ಸಹಪಾಠಿಗೆ, ನಿನ್ನ ಫೋನಿನಲ್ಲಿ ಹುಡುಕು ಎಂದೆ. ಆ ಮನೆಯೇ ಮೊದಲು ಬಂತು, ಫೋಟೋ ಸಮೇತ.

ಅವನು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟ. "ಬೋರ್ಡಲ್ಲಿರೋ ಇನ್ವೆಸ್ಟರ್ಸ್ ಕೇಳಿದ್ದಕ್ಕೆ ಇದನ್ನ ಹಾಕಿದ್ದು ಮಗಾ. ಓನರ್ಸ್ ಯಾರಿಗೆ ರಿಪ್ಲೈ ಮಾಡ್ತಾರೆ, ಯಾರಿಗೆ ಮಾಡಲ್ಲ ಅಂತ ಸಿಸ್ಟಮ್ ನೋಡ್ಕೊಳುತ್ತೆ. ಹೆಸರು, ಹಳೇ ಅಡ್ರೆಸ್ಸು, ಅಷ್ಟೇ. ರಿಪ್ಲೈ ಬರೋ ಥರದೋರಿಗೆ ಮಾತ್ರ ಮನೆ ತೋರಿಸುತ್ತೆ. ಜಾತಿ ಅಂತ ಎಲ್ಲೂ ಒಂದಕ್ಷರ ಇಲ್ಲ, ಬೇಕಾದ್ರೆ ಕೋಡ್ ನೋಡು."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಬೇಡ ಅಂತಿದ್ದೆ" ಎಂದ. ಆಮೇಲೆ ನನ್ನನ್ನು ಸಮಾಧಾನ ಮಾಡುವವನ ಹಾಗೆ, "ಯೋಚನೆ ಮಾಡು, ಮನೆವರೆಗೂ ಹೋಗಿ ಇಲ್ಲ ಅನ್ನಿಸ್ಕೊಳೋದು ತಪ್ಪುತ್ತೆ. ನಿಮ್ಮಂಥೋರಿಗೂ ಒಳ್ಳೇದೇ ಅಲ್ವಾ?"

ನಿಮ್ಮಂಥೋರು. ನಮ್ಮ ಮನೆಯಲ್ಲಿ ಅಮ್ಮ ಬಡಿಸಿದ ಸಾರು ತಿಂದು ಬೆರಳು ಚೀಪಿದವನು. ಅಪ್ಪ ಸತ್ತಾಗ ಹೆಗಲು ಕೊಟ್ಟವನು. ಷಡ್ಡಕನ ಮಗನ ಕಥೆ ಹೇಳಿದ ಮಾಲೀಕರ ಮೇಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಅವರಿಗೆ ಸುಳ್ಳು ಹೇಳುವಷ್ಟಾದರೂ ನಾಚಿಕೆ ಇತ್ತು.

ಅದನ್ನು ಈಗಲೇ ತೆಗೆಸು ಎಂದೆ. ಆಗಲ್ಲ ಎಂದ. ಬೋರ್ಡ್ ಮೀಟಿಂಗಿನಲ್ಲಿ ನಾನು ಮಾತಾಡಿದ್ದನ್ನೆಲ್ಲ ತಲೆ ಆಡಿಸಿಕೊಂಡು ಕೇಳಿದರು, ತುಂಬಾ ಭಾವುಕಳಾಗಿದ್ದೀಯ ಎಂದರು, ಅದು ಇರಲಿ ಎಂದೇ ಮತ ಹಾಕಿದರು. ಸಹಪಾಠಿಯ ಮತವೂ ಆ ಕಡೆಗೇ. ಹೊರಗೆ ಬಾಯಿ ಬಿಡುವುದಿಲ್ಲ ಎಂದು ಸಹಿ ಮಾಡಿದರೆ ಷೇರಿಗೆ ಒಳ್ಳೆಯ ಬೆಲೆ ಕೊಡುತ್ತೇವೆ ಎಂದರು. ಮಾಡಲಿಲ್ಲ. ಅದಕ್ಕೇ ಇದನ್ನು ಬರೆಯಲು ಆಗುತ್ತಿದೆ.

ಮೀಟಿಂಗ್ ಆದ ದಿನ ಸಂಜೆ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬರುವಾಗ ಎಲ್ಲ ಹೇಳಿದೆ. ಅವರು ಮೆಟ್ಟಿಲ ಮಧ್ಯೆ ಕಂಬಿ ಹಿಡಿದು ನಿಂತು ಕೇಳಿಸಿಕೊಂಡರು. ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ.

"ಆವಾಗಿನ ಓನರ್‌ಗಳು ಮುಖ ನೋಡ್ಕೊಂಡಾದ್ರೂ ಬೇಡ ಅನ್ನೋರು" ಎಂದರು ಅಮ್ಮ. "ನಿಮ್ಮಪ್ಪ ಎದುರಿಗೆ ನಿಂತ್ಕೊಂಡು ಒಂದು ಮಾತು ಅಂದು ಬರೋರು. ನಿನ್ನ ಸೈಟಿಗೆ ಯಾವ ಬಾಗಿಲಲ್ಲಿ ನಿಂತ್ಕೊಂಡು ಏನು ಅನ್ನಲೇ ನಾನು?"

ಅಮ್ಮ ನನ್ನ ಮುಖ ನೋಡಿ, ಕಂಬಿಗೆ ಭಾರ ಹಾಕಿ ಮುಂದಿನ ಮೆಟ್ಟಿಲು ಹತ್ತಿದರು.