ದಿಂಡಿಗೆ ತಾಗದ ನಳಿಕೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಎರಡೂ ಕಿಡ್ನಿ ಕೈಕೊಟ್ಟವು ಎಂದಾಗ ಅತ್ತಿದ್ದಕ್ಕಿಂತ ಬೈದದ್ದೇ ಹೆಚ್ಚು. ವಾರಕ್ಕೆ ಮೂರು ಸಲ ಗಂಡನ ಆಟೋದಲ್ಲಿ ಬೆಟಗೇರಿಯಿಂದ ಗದಗಿನ ಆಸ್ಪತ್ರೆಗೆ ಹೋಗಿ, ನಾಲ್ಕು ತಾಸು ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರುತ್ತಿದ್ದೆ. ಅದನ್ನೂ ಸಹಿಸಿದೆ. ಆದರೆ ಡಾಕ್ಟರು ಒಂದು ದಿನ, ಯಂತ್ರಕ್ಕೆಂದು ಕುತ್ತಿಗೆಗೆ ಹಾಕಿದ ನಳಿಕೆ ಬಹಳ ದಿನ ಇರಬಾರದು, ಸೂಜಿ ಚುಚ್ಚಲು ಎಡಗೈಯಲ್ಲಿ ರಕ್ತನಾಳ ಜೋಡಿಸೋಣ, ಮುಂದೆ ಆ ಕೈಗೆ ಭಾರ ಬೀಳಬಾರದು ಅಂದರು. ಎಡಗೈ ಬಿಟ್ಟು ಕುಣಿಮಗ್ಗದಲ್ಲಿ ನೇಯುವುದು ಹೇಗೆ? ಹನ್ನೆರಡನೇ ವಯಸ್ಸಿಗೇ ಮಗ್ಗದಡಿಯ ಆ ಕುಣಿಗೆ ಕಾಲಿಳಿಸಿ ನೇಯಲು ಕೂತವಳು ನಾನು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯೊಂದು ಧೂಳು ತಿನ್ನುತ್ತಿತ್ತು.

“ಹಂಗಾರ ಹೊಟ್ಟಿ ಡಯಾಲಿಸಿಸ್ ಮಾಡೋಣು,” ಅಂದರು ಡಾಕ್ಟರು. ಹೊಟ್ಟೆಗೊಂದು ಮೆತ್ತನೆಯ ನಳಿಕೆ. ಚೀಲದ ದ್ರವ ಒಳಗೆ ಬಿಟ್ಟು, ಕೆಲವು ತಾಸಿನ ಮೇಲೆ ಹೊಲಸಿನ ಸಮೇತ ಹೊರಗೆ ಬಿಡುವುದು. ದಿನಕ್ಕೆ ನಾಲ್ಕು ಸಲ, ಮನೆಯಲ್ಲೇ.

ಪಕ್ಕದ ಹಾಸಿಗೆಯಲ್ಲಿ ಲಕ್ಷ್ಮೇಶ್ವರದ ಆಪಾ ಇದ್ದಳು. ನನಗಿಂತ ಹಿರಿಯಳು, ಯಂತ್ರಕ್ಕೆ ಹಳಬಳು. ಅವಳು ನಕ್ಕುಬಿಟ್ಟಳು.

“ನನಗ ಬ್ಯಾಡವಾ ಅದು. ಮನ್ಯಾಗ ಹನ್ನೊಂದು ಮಂದಿ. ಇಲ್ಲಾದ್ರ ಸಿಸ್ಟರ್ ಎಲ್ಲಾ ನೋಡ್ಕೋತಾರ, ನಾಲ್ಕು ತಾಸು ಚಾ ಮಾಡು ಅನ್ನಾವ್ರಿಲ್ಲ. ಸುಖಾ ನಿದ್ದಿ ಹೊಡಿತೀನಿ.”

“ನಿನಗ ನಿದ್ದಿ, ನನಗ ಮಗ್ಗ,” ಅಂದೆ.

ಆಪರೇಶನ್ನಿಗೆ ಮುಂಚೆ ಸೀರೆ ಎಲ್ಲಿ ಕಟ್ಟುತ್ತೀರಿ ಎಂದು ಕೇಳಿದರು. ನಳಿಕೆ ಆ ಜಾಗ ತಪ್ಪಿಸಿ ಬರಬೇಕಂತೆ. “ಸೀರಿ ಅಷ್ಟ ಅಲ್ರಿ, ದಿಂಡೂ ಐತಿ,” ಅಂದೆ. ನೇಯ್ದ ಬಟ್ಟೆ ಸುತ್ತುವ ದಿಂಡು ನೇಕಾರರ ಹೊಟ್ಟೆಗೇ ಒತ್ತುತ್ತದೆ. ನನ್ನ ಗಂಡ ಮೊಬೈಲಿನಲ್ಲಿ ಮಗ್ಗದ ಫೋಟೋ ತೋರಿಸಿದ. ಡಾಕ್ಟರು ನಕ್ಕು, ನಳಿಕೆಯನ್ನು ದಿಂಡಿಗಿಂತ ಮೇಲೆ ಹೊರತಂದರು.

ಗಾಯ ಮಾಯ್ದ ಮೇಲೆ ಎರಡು ತಿಂಗಳು ಸುಖವಾಗಿ ನೇಯ್ದೆ. ಆಮೇಲೆ ನಾನೇ ಕೆಡಿಸಿಕೊಂಡೆ. ಹರಿದ ಎಳೆ ಜೋಡಿಸುವಾಗ ಬೆರಳಿಗೆ ಎಂಜಲು ಹಚ್ಚುವುದು ನೇಕಾರರ ರೂಢಿ. ನಳಿಕೆ ಮುಟ್ಟುವಾಗ ಹಾಕಲೇಬೇಕಾದ ಮಾಸ್ಕನ್ನು ಒಂದು ದಿನ ಸೆಖೆಯೆಂದು ಗದ್ದಕ್ಕಿಳಿಸಿ ಕೂತಿದ್ದೆ. ನಳಿಕೆಗೆ ಚೀಲ ಜೋಡಿಸುವಾಗ ತೊಳೆದ ಬೆರಳು ತಾನಾಗಿಯೇ ನಾಲಿಗೆಗೆ ಹೋಯಿತು. ಎರಡನೇ ದಿನಕ್ಕೆ ಹೊಟ್ಟೆನೋವು, ಹೊರಬಂದ ನೀರು ಅಕ್ಕಿ ತೊಳೆದಂತೆ ಬಿಳಿ.

“ಸೋಂಕು ಆಗೇತಿ. ಈ ಸಲ ಔಷಧಕ್ಕ ಹೋಗತೈತಿ. ಪದೇ ಪದೇ ಆದ್ರ ನಳಿಕಿ ತಗಿಬೇಕು, ಮತ್ತ ಮಷೀನಿಗೇ ಬರಬೇಕು,” ಅಂದರು ಡಾಕ್ಟರು. ನಾನು ಖರೆ ಹೆದರಿದ್ದು ಅವತ್ತೇ.

ಸೋಂಕು ವಾಸಿಯಾಯಿತು. ಆದರೆ ನಾನು ಚೀಲ ಜೋಡಿಸುವ ಕೋಣೆಯ ಬಾಗಿಲಾಚೆ ಈಗ ಗಂಡನ ಕಾವಲು.

“ನಾಲಿಗಿ ಒಳಗ ಐತೇನಲೇ?”

“ನೀವು ಬಾಯಿ ಮುಚ್ರಿ!”

“ಮುಚ್ಚಬೇಕಾದ್ದು ನಿನ್ನ ಬಾಯಿ. ಮಾಸ್ಕ್ ಏರಿಸು!”

ಹೊರಬಂದ ನೀರಿನ ಚೀಲದಡಿ ಪೇಪರ್ ಇಟ್ಟು ನೋಡು, ಅಕ್ಷರ ಕಂಡರೆ ನೀರು ತಿಳಿ, ಸೋಂಕಿಲ್ಲ ಎಂದು ಸಿಸ್ಟರ್ ಕಲಿಸಿದ್ದಾಳೆ. ನನಗೆ ಅಕ್ಷರ ಅಷ್ಟಕ್ಕಷ್ಟೇ. ಬಾಯಿ ಬಿಗಿದ ಚೀಲವನ್ನು ಮಗ್ಗದಲ್ಲಿರುವ ಸೀರೆಯ ಮೇಲೇ ಇಟ್ಟು ನೋಡುತ್ತೇನೆ. ಇವತ್ತೂ ಇಟ್ಟೆ.

“ಎಳಿ ಕಾಣತಾವೇನ?” ಗಂಡನ ದನಿಯಲ್ಲಿ ಇನ್ನೂ ಭಯ.

“ಒಂದೊಂದೂ ಕಾಣತಾವ. ಅಂಚಿನ್ಯಾಗ ಒಂದು ಎಳಿ ತಪ್ಪಿದ್ದೂ ಕಾಣತೈತಿ.”

“ಒಂದ ಎಳಿ ಅಲ್ಲೇನ? ಬಿಡು.”

“ಬಿಡಾಕ ನಾ ಏನ್ ಸತ್ತೇನೇನ್ರಿ?” ಅಂದವಳೇ ಚೀಲ ಅವನ ಕೈಗಿಟ್ಟು, ಕುಣಿಗೆ ಕಾಲಿಳಿಸಿ, ನೇಯ್ದದ್ದನ್ನು ಬಿಚ್ಚತೊಡಗಿದೆ.