ಎಡಗಾಲಿನ ವಿಡಿಯೊ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಬೇರೆಯವರ ತಪ್ಪು ಹುಡುಕುವುದು. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡಿಭಾಗಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆಸೆಯುತ್ತಿದ್ದೆ. ಲೇತ್ ಓಡಿಸುವವರು ಬೆನ್ನ ಹಿಂದೆ ಶಾಪ ಹಾಕುತ್ತಿದ್ದರು. ಅದೇ ತಟ್ಟಿತೋ ಏನೋ, ಬಲಮಂಡಿ ಸವೆದು ಕೀಲನ್ನೇ ಬದಲಿಸಬೇಕಾಯಿತು.

ಮನೆಗೆ ಕಳಿಸುವಾಗ ಫಿಸಿಯೋ ಮೇಡಂ ವ್ಯಾಯಾಮ ಹೇಳಿಕೊಟ್ಟರು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಮಡಚಬೇಕು, ದಿನಕ್ಕೆ ಮೂರು ಹೊತ್ತು. ಅದರ ವಿಡಿಯೊ ರೋಗಿಗಳ ವಾಟ್ಸಾಪ್ ಗುಂಪಿಗೆ ಹಾಕಬೇಕು.

"ಆರು ವಾರದಲ್ಲಿ ತೊಂಬತ್ತು ಡಿಗ್ರಿ ಬರ್ಲಿಲ್ಲ ಅಂದ್ರೆ, ಅರಿವಳಿಕೆ ಕೊಟ್ಟು ಡಾಕ್ಟ್ರೇ ಮಡಚ್ಬೇಕಾಗತ್ತೆ ಸಾರ್" ಎಂದರು.

ಮೊದಲೆರಡು ದಿನ ಜೀವ ಬಾಯಿಗೆ ಬಂತು. ಮೂರನೆಯ ದಿನ ಗಾಯ ಕಾಣದಂಥ ದೊಗಳೆ ಪೈಜಾಮ ತೊಟ್ಟು, ಎಡಗಾಲನ್ನು ಮಡಚಿದೆ.

"ರೀ, ಇದು ಎಡಗಾಲಲ್ವಾ?" ಎಂದಳು ಮೊಬೈಲ್ ಹಿಡಿದಿದ್ದ ಹೆಂಡತಿ.

"ಎರಡೂ ನಂದೇ ತಾನೆ? ಸುಮ್ನೆ ತೆಗಿಯೇ."

ಗುಂಪಿನಲ್ಲಿ ಹೂಗುಚ್ಛಗಳ ಸುರಿಮಳೆಯಾಯಿತು. "ಎಲ್ರೂ ಈ ಸಾರ್‌ನ ನೋಡಿ ಕಲೀರಿ" ಎಂದರು ಮೇಡಂ. ನಾನೂ ಉಬ್ಬಿಹೋದೆ. ಮನೋಬಲದ ಬಗ್ಗೆ ದಿನಾ ಬೆಳಿಗ್ಗೆ ನಾಲ್ಕು ಸಾಲು ಉಪದೇಶ ಬರೆಯತೊಡಗಿದೆ.

ಒಂದು ದಿನ ಕುಂದಲಹಳ್ಳಿಯಲ್ಲಿ ಹೂವಿನಂಗಡಿ ಇಟ್ಟಿರುವ ಹೆಂಗಸೊಬ್ಬರ ಧ್ವನಿ ಸಂದೇಶ ಬಂತು. "ಅಣ್ಣಾ, ನೋವು ತಡೀನಾರ್ದೆ ಬಿಟ್ಬುಟ್ಟಿದ್ದೆ. ನಿಮ್ದು ನೋಡ್ದೆ. ಇವ್ರಿಗಾಗೋದು ನಂಗ್ಯಾಕಾಗಕಿಲ್ಲ ಅಂತ ಅಳ್ತಾ ಅಳ್ತಾನೇ ಮಡುಸ್ತಾ ಇವ್ನಿ."

ಮುಖಕ್ಕೆ ಹೊಡೆದಂತಾಯಿತು. ಅವತ್ತು ಸಂಜೆ ಬಲಗಾಲನ್ನೇ ಎಳೆದೆ. ನೋವು ಶುರುವಾದ ಕೂಡಲೇ ನಿಲ್ಲಿಸಿದೆ. ಮರುದಿನ ಮತ್ತೆ ಎಡಗಾಲೇ ವಿಡಿಯೊಗೆ ಹಾಜರಾಯಿತು.

ಆರನೆಯ ವಾರ ಮೇಡಂ ನನ್ನನ್ನು ಮಲಗಿಸಿ ಅಳೆದರು. ಐವತ್ತೆಂಟು ಡಿಗ್ರಿ. ಇನ್ನೊಮ್ಮೆ ಅಳೆದರು. ನನ್ನ ಎಡಗಾಲನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಏನೂ ಕೇಳದೆ, ಅರಿವಳಿಕೆಗೆಂದು ಡಾಕ್ಟರಿಗೆ ಚೀಟಿ ಬರೆದು ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ನಾನು ಯಾರನ್ನೂ ಇಷ್ಟು ಮರ್ಯಾದೆಯಿಂದ ತಿರಸ್ಕರಿಸಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತೆ. ಎದುರಿಗಿದ್ದ ಹೆಂಗಸೊಬ್ಬರು ನನ್ನ ಪೈಜಾಮದಿಂದಲೇ ಗುರುತು ಹಿಡಿದರು.

"ಅಣ್ಣಾ, ನೀವೇ ಅಲ್ವಾ! ನಂದು ನೂರಾ ಅತ್ತು ಡಿಗ್ರಿ ಬಂತು ಕಣಣ್ಣ!"

ಧ್ವನಿ ಕೇಳಿದ್ದೇ ತಿಳಿಯಿತು, ಹೂವಿನಂಗಡಿಯವರು. ಎದ್ದು ಕೈಮುಗಿಯಲು ಹೋಗಿ ತಡವರಿಸಿದೆ. ಅವರು ಕೋಲಿಲ್ಲದೆ ಸರಸರ ನಡೆದು ಬಂದು, ಕೈ ಕೊಟ್ಟು ನನ್ನನ್ನು ಎಬ್ಬಿಸಿದರು.

"ಇವತ್ತೊಂದಿನ ಬಿಗಿದೈತೆ, ಅಷ್ಟೇ ಬುಡಣ್ಣ" ಎಂದು ನನಗೇ ಸಮಾಧಾನ ಹೇಳಿದರು.

ಆ ಕೈ ಹಿಡಿದುಕೊಂಡಿರಲು ನಾಚಿಕೆಯಾಯಿತು. ಬಿಟ್ಟರೆ ಬೀಳುತ್ತಿದ್ದೆ.